ಚಾದರದ ಮೇಲೆ ಮಲಯಾಳ ವ್ಯಾಕರಣ

ನಮ್ಮ ಮನೆಯ ಮಿಕ್ಸರಿಗೆ ಒಂದು ಹೊದಿಕೆಯಿದೆ. ಒಂದು ಮೊಳ ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲದ ಸೊಲ್ಲಾಪುರ ಚಾದರದ ತುಂಡು. ಒಂದು ಬದಿಗೆ ಬಿಳಿ ನೆಲದ ಮೇಲೆ ಮೆರೂನ್ ಅಕ್ಷರ, ಇನ್ನೊಂದು ಬದಿಗೆ ಮೆರೂನ್ ನೆಲದ ಮೇಲೆ ಬಿಳಿ ಅಕ್ಷರ. ಅಕ್ಷರಗಳು ಮಲಯಾಳದವು. ನಮ್ಮ ಮನೆಯಲ್ಲಿ ಯಾರಿಗೂ ಮಲಯಾಳ ಬರುವುದಿಲ್ಲ, ಮಿಕ್ಸರಿಗಂತೂ ಬರುವುದೇ ಇಲ್ಲ. ಹೆಂಡತಿ ಕಸ್ತೂರಿ ಬೆಳಿಗ್ಗೆ ಶೇಂಗಾ ಚಟ್ನಿ ಮುಗಿಸಿ, ಕೈಗೆ ಯಾವ ಬದಿ ಬಂತೋ ಅದನ್ನೇ ಮೇಲೆ ಮಾಡಿ ಹೊದಿಸುತ್ತಾಳೆ. ಬಿಳಿ ಬದಿ ಮೇಲಿದ್ದ ದಿನ ನಾನು ಕೂತು ಚಹಾ ಕುಡಿಯುತ್ತೇನೆ. ಮೆರೂನ್ ಬದಿ ಮೇಲಿದ್ದರೆ ಕಪ್ಪು ಹಿಡಿದುಕೊಂಡು ಅಡುಗೆಮನೆಯಿಂದ ಗ್ಯಾಲರಿಗೆ, ಗ್ಯಾಲರಿಯಿಂದ ತಲೆಬಾಗಿಲಿಗೆ ತಿರುಗುತ್ತೇನೆ.

"ಒಂದ ಕಡಿ ಕುಂದ್ರಿ, ಚಹಾ ಚೆಲ್ಲತದ," ಎನ್ನುತ್ತಾಳೆ ಕಸ್ತೂರಿ.

"ಅದನ್ನ ಹೊಳ್ಳಿಸಿ ಹಾಕು."

"ಮಿಕ್ಸರಿಗಿ ಎಡಾ ಬಲಾ ಅದ ಏನ್ರಿ?"

ನಾನೇ ಹೋಗಿ ತಿರುವಿ ಹಾಕುತ್ತೇನೆ. ತಿರುವಿ ಹಾಕಿದರೂ ಕಾಲು ನಿಲ್ಲುವುದಿಲ್ಲ. ಚಪ್ಪಲಿ ಮೆಟ್ಟಿ ನವಿ ಪೇಠದವರೆಗೆ ಹೋಗಿ, ಏನೂ ಕೊಳ್ಳದೆ, ನಾಲ್ಕು ಅಂಗಡಿಯವರಿಗೆ ನಮಸ್ಕಾರ ಮಾಡಿ ಹಿಂತಿರುಗಿ ಬರುತ್ತೇನೆ. ಬಟ್ಟೆ ಅಂಗಡಿಯವನೊಬ್ಬ ನನಗೆ ಸಕ್ಕರೆ ಕಾಯಿಲೆಯೆಂದೂ ಡಾಕ್ಟರರು ನಡೆಯಲು ಹೇಳಿದ್ದಾರೆಂದೂ ತಿಳಿದುಕೊಂಡಿದ್ದಾನೆ. ನಾನು ಅದನ್ನು ಸುಳ್ಳೆಂದು ಹೇಳಲು ಹೋಗಿಲ್ಲ. ನಿಜ ಹೇಳುವುದಕ್ಕಿಂತ ಸಕ್ಕರೆ ಕಾಯಿಲೆ ಸುಲಭ.

ನಿಜ ಏನೆಂದು ಹೇಳುವ ಮುಂಚೆ, ನಾನು ಹುಟ್ಟಿನಿಂದಲೇ ಕೂರಲಾರದವನು ಎಂಬುದನ್ನು ನೀವು ತಿಳಿದಿರಬೇಕು. ನಮ್ಮದು ಅಕ್ಕಲಕೋಟ ತಾಲೂಕಿನ ಕುರನೂರ. ಬೀರೋಬನಿಗೆ ನಡೆದುಕೊಳ್ಳುವ ಕುರುಬರ ಮನೆ. ಬೀರಪ್ಪ ಎಂದು ನನಗೆ ಹೆಸರಿಟ್ಟದ್ದೂ ಅದಕ್ಕೇ. ಅಪ್ಪ ಕುರಿ ಕಾಯಲು ಕಳಿಸಿದರೆ ಕುರಿಗಳು ಒಂದು ಕಡೆ ಮೇಯುತ್ತಿದ್ದವು, ನಾನು ಬೋರಿ ಹೊಳೆಯ ಅಣೆಕಟ್ಟಿನ ಆಚೆ ಬದಿಗೆ ಹೋಗಿ ಅಲ್ಲಿಂದ ಕುರಿಗಳನ್ನು ನೋಡುತ್ತಿದ್ದೆ. ಸಂಜೆ ಅಪ್ಪ ಅವ್ವನ ಮುಂದೆ ಹೇಳುತ್ತಿದ್ದ: "ಕುರಿ ತಾವಽ ಮನಿಗಿ ಬರತಾವ. ಈ ಮಗನ್ನ ಹುಡುಕಿ ತರೂದಽ ಒಂದ ಕೆಲಸ ಆಗ್ಯಾದ." ಕನ್ನಡ ಸಾಲಿಯಲ್ಲಿ ಮಾಸ್ತರರು ನನ್ನನ್ನು ಬಾಗಿಲ ಬಳಿ ನಿಲ್ಲಿಸಿಯೇ ಪಾಠ ಹೇಳುತ್ತಿದ್ದರು. ಅದು ಶಿಕ್ಷೆಯಲ್ಲ, ರಾಜಿ. ನಿಂತರೆ ಇವನ ತಲೆಗೆ ನಾಲ್ಕು ಅಕ್ಷರ ಹೋಗುತ್ತವೆ ಎಂದು ಅವರು ಕಂಡುಕೊಂಡಿದ್ದರು.

ಅಜ್ಜ ಮಾತ್ರ ನನ್ನನ್ನು ಕೂರಿಸುತ್ತಿದ್ದ. ಅವನು ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕಂಬಳಿ ನೇಯುತ್ತಿದ್ದ. ಕುರಿಯ ಉಣ್ಣೆ, ಹುಣಸೆಬೀಜದ ಗಂಜಿ, ಅಜ್ಜನ ಬೀಡಿ, ಮೂರೂ ಕೂಡಿದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಕರಿ ಕಂಬಳಿಗೆ ಒಳಗು ಹೊರಗು ಎಂಬುದಿಲ್ಲ. "ಹ್ಯಾಂಗ ಹೊತ್ತರೂ ಬೆಚ್ಚಗ ಇರಬೇಕು, ಅದಕ್ಕಽ ಕಂಬಳಿ ಅಂತಾರ," ಎನ್ನುತ್ತಿದ್ದ. ಆ ಮಾತನ್ನು ನಾನು ಮುಂದೆ ಎಲ್ಲ ಬಟ್ಟೆಗೂ ಹಚ್ಚಿಕೊಂಡೆ ಎಂದು ಕಾಣುತ್ತದೆ.

ಹದಿನೆಂಟಕ್ಕೆ ಊರು ಬಿಟ್ಟೆ. ಜೊತೆಗೆ ಮಾಳಪ್ಪ ಇದ್ದ. ಅವನೂ ನಮ್ಮ ಓಣಿಯವನೇ, ನನಗಿಂತ ಆರು ತಿಂಗಳು ದೊಡ್ಡವನು. ಇಬ್ಬರೂ ಒಂದೇ ಎಸ್‌ಟಿ ಬಸ್ಸಿನಲ್ಲಿ ಬಂದು, ಅಕ್ಕಲಕೋಟ ರಸ್ತೆಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದೇ ಚಾದರ ಕಾರಖಾನೆಗೆ ಸೇರಿದೆವು. ಮಾಳಪ್ಪ ಮಗ್ಗದ ಮುಂದೆ ನಿಂತ. ನಿಂತವನು ನಲವತ್ತು ವರ್ಷ ನಿಂತೇ ಇದ್ದಾನೆ. ನಾನು ಮಗ್ಗದಿಂದ ಮಗ್ಗಕ್ಕೆ ತಿರುಗುತ್ತಿದ್ದೆ. ಬೇಸತ್ತ ಹಳೆಯ ಗ್ರಾಫ್ ಮಾಸ್ತರರು ಒಂದು ದಿನ ನನ್ನ ರಟ್ಟೆ ಹಿಡಿದು ತಮ್ಮ ಮೇಜಿನ ಮುಂದೆ ಕೂರಿಸಿ, ಕೈಯಲ್ಲಿ ಪೆನ್ಸಿಲ್ ಕೊಟ್ಟರು. ಮುಂದೆ ಇದ್ದದ್ದು ಸಣ್ಣ ಸಣ್ಣ ಚೌಕದ ಕಾಗದ. ಚಾದರದ ಮೇಲಿನ ನವಿಲು, ಹೂವು, ಮದುಮಕ್ಕಳ ಹೆಸರು, ಲಾಡ್ಜಿನ ಹೆಸರು, ಎಲ್ಲವೂ ಮೊದಲು ಈ ಕಾಗದದ ಮೇಲೆ ಹುಟ್ಟಬೇಕು. ತುಂಬಿದ ಚೌಕಕ್ಕೆ ರಟ್ಟಿನ ಕಾರ್ಡಿನಲ್ಲಿ ಒಂದು ತೂತು, ಖಾಲಿ ಚೌಕಕ್ಕೆ ತೂತಿಲ್ಲ. ತೂತಿದ್ದಲ್ಲಿ ಮಗ್ಗ ಎಳೆ ಎತ್ತುತ್ತದೆ. ಬೆಳಿಗ್ಗೆ ಕೂತವನು ಮಧ್ಯಾಹ್ನದ ಊಟದ ಭೋಂಗಾ ಕೂಗಿದಾಗಲೇ ತಲೆಯೆತ್ತಿದೆ. ಈ ಲೋಕದಲ್ಲಿ ನನ್ನ ಕಾಲು ಸುಮ್ಮನಿರುವ ಜಾಗ ಅದೊಂದೇ ಎಂದು ಆವತ್ತು ಗೊತ್ತಾಯಿತು. ಮಾಸ್ತರರ ನಂತರ ನಾನೇ ಗ್ರಾಫ್ ಮಾಸ್ತರನಾದೆ.

ನಮ್ಮ ಚಾದರದ ಗುಣ ಇಲ್ಲಿ ಸ್ವಲ್ಪ ಹೇಳಬೇಕು. ಅದು ಎರಡು ಪದರಿನ ಬಟ್ಟೆ. ಒಂದು ಬದಿಯಲ್ಲಿ ಮೆರೂನ್ ಇದ್ದಲ್ಲಿ ಇನ್ನೊಂದು ಬದಿಯಲ್ಲಿ ಬಿಳಿ ಇರುತ್ತದೆ. ನವಿಲು ಎಡಕ್ಕೆ ನೋಡಿದರೇನು, ಬಲಕ್ಕೆ ನೋಡಿದರೇನು? ಆದರೆ ಅಕ್ಷರ ಬಂದರೆ ಕಥೆ ಬೇರೆ. ಒಂದು ಬದಿಯಲ್ಲಿ ಸರಿ, ಇನ್ನೊಂದರಲ್ಲಿ ಕನ್ನಡಿಯೊಳಗಿನ ಅಕ್ಷರ. ಕಾರಖಾನೆಯಲ್ಲಿ ನಾವು ಮೆರೂನಿನಂಥ ಗಾಢ ನೆಲದ ಬದಿಯನ್ನೇ ಮುಖ ಎಂದು ಹಿಡಿಯುತ್ತೇವೆ, ಏಕೆಂದರೆ ಮಾಸಿದ್ದು ಕಾಣುವುದಿಲ್ಲ. ಆದ್ದರಿಂದ ಗ್ರಾಫ್ ಹಾಕುವಾಗಲೇ ಹೆಸರು ಆ ಬದಿಯಲ್ಲಿ ಸರಿ ಬರುವಂತೆ ಹಾಕುತ್ತೇವೆ. ಮರಾಠಿಯೋ ಇಂಗ್ಲಿಷೋ ಇದ್ದರೆ ಹೊಲಿಗೆಯವರಿಗೂ ತಿಳಿಯುತ್ತದೆ. ಹೀಗೆ ನಲವತ್ತು ವರ್ಷ ಒಂದು ತಪ್ಪೂ ಆಗಲಿಲ್ಲ. ತಪ್ಪಾಗಲಿಲ್ಲ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಲೂ ಇದ್ದೆ.

ಈಗ ಸಾರಮ್ಮ ಟೀಚರ್ ಬರುತ್ತಾರೆ. ಕೇರಳದವರು. ಗಂಡನ ರೈಲ್ವೆ ನೌಕರಿಯಿಂದಾಗಿ ಸೊಲ್ಲಾಪುರಕ್ಕೆ ಬಂದು, ಸಾಲಿಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಇಲ್ಲೇ ಉಳಿದವರು. ಹಾಲಿನವಳಿಂದ, ಕಾಯಿಪಲ್ಯದವರಿಂದ ಕಲಿತ ಕನ್ನಡ ಅವರದು. ಕಣ್ಣು ಮುಚ್ಚಿ ಕೇಳಿದರೆ ದಕ್ಷಿಣ ಸೊಲ್ಲಾಪುರದ ಯಾವುದೋ ಗೌಡರ ಮನೆಯ ಹೆಣ್ಣುಮಗಳು ಎನ್ನಬೇಕು. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅವರು ಕಾರಖಾನೆಗೆ ಬಂದು, ನನ್ನ ಮೇಜಿನ ಮೇಲೆ ಒಂದು ಝೆರಾಕ್ಸ್ ಹಾಳೆ ಇಟ್ಟರು.

"ಮಾಸ್ತರ, ಈ ಒಂದ ಪಾನ ಬಾಗಲದಷ್ಟು ದೊಡ್ಡದ ಮಾಡಿ ನೇದು ಕೊಡಬೇಕರಿ. ಒಂದಽ ನಗ, ಮತ್ತೊಂದು ಬ್ಯಾಡ."

ಹಾಳೆಯ ತುಂಬ ದುಂಡಗಿನ ಅಕ್ಷರಗಳು. ಅದು ಮಲಯಾಳದ ಬಹಳ ಹಳೆಯ ವ್ಯಾಕರಣದ ಒಂದು ಪುಟವಂತೆ. ನಮ್ಮ ಅಜ್ಜನ ಅಜ್ಜನ ಕಾಲದಲ್ಲಿ ಯಾವುದೋ ದೇಶದ ಪಾದ್ರಿಯೊಬ್ಬ ಹಡಗಿನಿಂದಿಳಿದು, ಆ ಕರಾವಳಿಯಲ್ಲಿ ಉಳಿದು, ಕಂಡಕಂಡವರನ್ನು ಕೂರಿಸಿಕೊಂಡು "ಇದಕ್ಕೆ ಏನಂತೀರಿ, ಅದಕ್ಕೆ ಏನಂತೀರಿ" ಎಂದು ಕೇಳಿ ಬರೆದದ್ದು. ಟೀಚರಿಗೆ ಚಿಕ್ಕಂದಿನಲ್ಲಿ ಮಲಯಾಳ ಕಲಿಸಿದ ಗುರುಗಳು, ಅವರನ್ನು ಇವರು ಮಾಷ್ ಎನ್ನುತ್ತಾರೆ, ತಮ್ಮ ಆಯುಷ್ಯವನ್ನೆಲ್ಲ ಆ ಒಂದು ಪುಸ್ತಕದ ಅಭ್ಯಾಸಕ್ಕೆ ಸುರಿದವರು. ಈಗ ತೊಂಬತ್ತರ ಹತ್ತಿರ. ಕಣ್ಣು ಮಂಜಾಗಿ ವರ್ಷಗಳೇ ಆಗಿವೆ. ಮುಂದೆ ಕೂತವರ ಮುಖದ ಆಕಾರ ತಿಳಿಯುತ್ತದೆ, ಅಚ್ಚಿನ ಅಕ್ಷರ ತಿಳಿಯುವುದಿಲ್ಲ.

"ಫೋನ್ ಮಾಡಿದಾಗ ಒಂದಽ ಮಾತು ಅಂತಾರ," ಎಂದರು ಟೀಚರ್. "ಸಾರಾ, ಆ ಪಾನ ಒಮ್ಮಿ ನಾನಽ ಓದಬೇಕಾಗಿತ್ತು, ಅಂತ. ಓದಿ ಹೇಳವ್ರು ಭಾಳ ಮಂದಿ ಇದ್ದಾರ. ಅವ್ರಿಗಿ ಹಂಗ ಬ್ಯಾಡ. ತಮ್ಮ ಕಣ್ಣಲಿಂದಽ ಓದಬೇಕು. ನಿಮ್ಮ ಚಾದರದ ಮ್ಯಾಲಿನ ಅಕ್ಷರ ಗೇಣುದ್ದ ಇರತಾವ. ಅದಕ್ಕ ಬಂದೀನಿ."

ಹಾಳೆಯಲ್ಲಿ ಏನಿದೆ ಎಂದು ಕೇಳಿದೆ. 'ಬರು' ಎಂಬುದರ ರೂಪಗಳು ಎಂದು ಬೆರಳಿಟ್ಟು ಓದಿದರು: ವರುನ್ನು, ವನ್ನು, ವರುಂ. ದೂರದ ಸಂಬಂಧಿಕರು ಬೇರೆ ವೇಷದಲ್ಲಿ ಬಂದಂತಿತ್ತು. ಆದರೆ ನಾನು ಬಂದರೂ ವನ್ನು, ಅವನು ಬಂದರೂ ವನ್ನು, ಅವಳು ಬಂದರೂ ವನ್ನು ಅಂತೆ. ಬಂದೀನಿ, ಬಂದಾನ, ಬಂದಾಳ ಎಂದು ಮೂರು ಕಡೆ ಬಾಯಿ ತಿರುಗಿಸುವ ನಮಗೆ ಇದು ಬಹಳ ಆರಾಮಿನ ಭಾಷೆ ಎನಿಸಿತು. ಹಾಗೆಂದು ಹೇಳಿದೆ. ಟೀಚರ್ ನಕ್ಕು, "ನನ್ನ ಮಕ್ಕಳಿಗಿ ಆ ಆರಾಮೂ ಬ್ಯಾಡಾಗ್ಯಾದ. ಒಂದ ಅಕ್ಷರ ಓದಾಂಗಿಲ್ಲ," ಎಂದರು. ನನ್ನ ಮಕ್ಕಳಿಬ್ಬರೂ ಕನ್ನಡ ಬೋರ್ಡು ಕಂಡರೆ ಮೊಬೈಲಿನಲ್ಲಿ ಫೋಟೋ ತೆಗೆದು ನನಗೆ ಕಳಿಸುವವರು.

ಮಾಲಕರು ಮೊದಲು ಒಪ್ಪಲಿಲ್ಲ. ಕಂಪ್ಯೂಟರ್ ಮಗ್ಗಗಳು ದೊಡ್ಡ ಆರ್ಡರಿಗೆ ಮೀಸಲು. ಮೂಲೆಯಲ್ಲಿ ನಿಂತ ಹಳೆಯ ಕಾರ್ಡಿನ ಮಗ್ಗದ ಮೇಲೆ ಬೇಕಾದರೆ ಮಾಡಿಕೊಳ್ಳಿ ಎಂದರು. ಆ ಮಗ್ಗ ಗೊತ್ತಿದ್ದವನು ಮಾಳಪ್ಪ ಒಬ್ಬನೇ. ನಾನು ಒಂದೂವರೆ ತಿಂಗಳು ಗ್ರಾಫ್ ಹಾಕಿದೆ. ನವಿ ಪೇಠದಿಂದ ದೊಡ್ಡದೊಂದು ಭೂತಗನ್ನಡಿ ತಂದು, ಆ ಸುರುಳಿಗಳನ್ನು ಚೌಕದಿಂದ ಚೌಕಕ್ಕೆ ಹತ್ತಿಸಿ ಇಳಿಸಿದೆ. ಇಷ್ಟು ದಿನ ಒಂದೇ ಕಡೆ ಕೂತದ್ದು ನನ್ನ ಜನ್ಮದಲ್ಲಿ ಇಲ್ಲ. ಪುಟ ಇದ್ದ ಹಾಗೆಯೇ ಬರಬೇಕು ಎಂದು ಟೀಚರ್ ಹೇಳಿದ್ದರಿಂದ, ಬಿಳಿ ನೆಲದ ಮೇಲೆ ಮೆರೂನ್ ಅಕ್ಷರ ಸರಿ ಬರುವಂತೆ ಹಾಕಿದ್ದೆ. ಅಂದರೆ ಈ ಒಂದು ಚಾದರಕ್ಕೆ ಮಾತ್ರ ಮುಖ ಬಿಳಿ ಬದಿ. ಇದು ನನ್ನ ತಲೆಯಲ್ಲಿ ಮಾತ್ರ ಇತ್ತು. ಕಾಗದದ ಮೂಲೆಯಲ್ಲಿ ಒಂದು ಸಾಲು ಬರೆದಿಟ್ಟಿದ್ದರೆ ಇವತ್ತು ಈ ಪ್ರಬಂಧ ಇರುತ್ತಿರಲಿಲ್ಲ.

ಗ್ರಾಫ್ ಮುಗಿಯಿತು, ಕಾರ್ಡು ತೂತಾದವು, ಮೊಳದುದ್ದದ ಮಾದರಿ ತುಂಡೂ ನೇಯ್ದಾಯಿತು. ಪೆನ್ಸಿಲ್ ಕೆಳಗಿಟ್ಟೊಡನೆ ನನ್ನ ಹಳೆಯ ಚಾಳಿ ಮರಳಿ ಬಂತು. ಒಂದೂವರೆ ತಿಂಗಳ ಬಾಕಿಯೆಲ್ಲ ಒಮ್ಮೆಲೇ ಕಾಲಿಗೆ ಬಂದಂತೆ. ಚಾದರ ಮಗ್ಗದಿಂದ ಇಳಿಯುವ ದಿನ ಗುರುವಾರ. ಇಳಿದ ಮೇಲೆ ಹಿಂಬದಿಗೆ ಅಸ್ತರಿ ಬಟ್ಟೆ ಹೊಲಿಯಬೇಕಿತ್ತು, ಗೋಡೆಗೆ ತೂಗುವ ಚಾದರಕ್ಕೆ ಹಾಗೆ ಮಾಡುತ್ತೇವೆ. ಹೊಲಿಯುವ ಮುಂಚೆ ನಾನು ನಿಂತು ನೋಡಬೇಕಿತ್ತು. ಹನ್ನೊಂದಕ್ಕೆ ಇಳಿಯುತ್ತದೆ ಎಂದಿದ್ದ ಮಾಳಪ್ಪ. ಹನ್ನೊಂದಾಯಿತು, ಹನ್ನೆರಡಾಯಿತು. ಗೇಟಿಗೆ ಹೋದೆ, ಬಂದೆ, ಚಹಾ ಕುಡಿದೆ, ಮತ್ತೆ ಗೇಟಿಗೆ ಹೋದೆ. ಅಷ್ಟರಲ್ಲಿ ಅಕ್ಕಲಕೋಟದ ಬಸ್ಸು ಬಂತು. ಗುರುವಾರ ಅಲ್ಲಿಯ ಸ್ವಾಮಿಗಳ ಸಮಾಧಿಯ ದರ್ಶನಕ್ಕೆ ಹೋಗುವ ರೂಢಿ ನನಗಿದೆ. ಭಕ್ತಿ ಎಷ್ಟೋ, ತಿರುಗಾಟದ ಚಟ ಎಷ್ಟೋ, ದೇವರಿಗೇ ಗೊತ್ತು. ಹತ್ತಿಬಿಟ್ಟೆ.

ಬಸ್ಸು ದಾರಿಯ ವಳಸಂಗ ದಾಟುವಾಗ ಮಾಳಪ್ಪನ ಫೋನ್ ಬಂತು.

"ಬೀರ್ಯಾ, ಅಸ್ತರಿ ಹಚ್ಚಾಕ ಹೊಲಿಗಿಯವ ಬಂದಾನ. ಯಾವ ಬಾಜು ಮುಖಾ?"

ಬಸ್ಸಿನಲ್ಲಿ ಗದ್ದಲ. ನಾನು ಸೀಟಿಗಾಗಿ ಹೆಣಗುತ್ತಿದ್ದೆ.

"ಮೆರೂನ್ ಬಾಜು. ಯಾವಾಗ್ಲೂ ಅದಽ ಅಲ್ಲೇನು?"

"ನೀ ಬಂದು ನೋಡಾಂಗಿಲ್ಲಾ? ಈ ಅಕ್ಷರ ನಮಗ್ಯಾರಿಗೂ ತಿಳ್ಯಾಂಗಿಲ್ಲ ನೋಡು."

"ಹಚ್ಚಂದ್ರ ಹಚ್ಚೋ ಮಾರಾಯಾ."

ಹಚ್ಚಿದ. ಸರಿಯಾದ ಬಿಳಿ ಬದಿ ಅಸ್ತರಿಯ ಒಳಗೆ ಮುಚ್ಚಿಹೋಯಿತು.

ಮರುದಿನ ಕಾರಖಾನೆಗೆ ಹೋಗುವಷ್ಟರಲ್ಲಿ ಡಬ್ಬಿ ಕಟ್ಟಿ, ಮೇಲೆ ರಿಬ್ಬನ್ ಸುತ್ತಿ ಇಟ್ಟಿದ್ದರು. ಟೀಚರ್ ಕೇರಳದ ಗಾಡಿಗೆಂದು ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಬಂದರು, ಹೊರಗೆ ಆಟೋ ನಿಂತಿತ್ತು. ಡಬ್ಬಿ ಕೈಗೆತ್ತಿಕೊಂಡು, "ಬರೋಬರಿ ಬಂದದ ಏನ್ರಿ ಮಾಸ್ತರ?" ಎಂದು ಕೇಳಿದರು. ರಿಬ್ಬನ್ ಬಿಚ್ಚಿ ನೋಡಲು ಎರಡು ನಿಮಿಷ ಸಾಕಿತ್ತು. ಆದರೆ ಬಿಚ್ಚಿದರೆ ನಾನು ನೋಡಿಲ್ಲವೆಂದು ಗೊತ್ತಾಗುತ್ತದೆ.

"ನಾನಽ ನಿಂತು ನೋಡೀನ್ರಿ ಟೀಚರ್," ಎಂದೆ. "ಒಂದೂ ತಪ್ಪಿಲ್ಲ."

ನಾಲ್ಕನೆಯ ದಿನ ಮಾಲಕರು ತಮ್ಮ ಕೋಣೆಗೆ ಕರೆದು ಮೊಬೈಲ್ ಮುಂದೆ ಹಿಡಿದರು. ಟೀಚರ್ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದರು. ಹೆಂಚಿನ ಮನೆಯ ಪಡಸಾಲೆ, ಮಾಷರ ಹಳೆಯ ಶಿಷ್ಯರೆಲ್ಲ ನೆರೆದಿದ್ದಾರೆ, ಗೋಡೆಯ ಮೇಲೆ ನಮ್ಮ ಚಾದರ, ಮೆರೂನ್ ನೆಲ, ಬಿಳಿ ಅಕ್ಷರ. ನೋಡಿದ ಕೂಡಲೆ ನನಗೆ ತಿಳಿಯಿತು. ಒಂದೂವರೆ ತಿಂಗಳು ಚೌಕ ಚೌಕವಾಗಿ ತಿರುಗಿದ ದಾರಿಗಳೆಲ್ಲ ಉಲ್ಟಾ ಹೊರಟಿದ್ದವು.

"ಹೇ ಕೋಣೀ ಕೇಲಂ?" ಎಂದು ಕೇಳಿದರು ಮಾಲಕರು. ಇದನ್ನು ಯಾರು ಮಾಡಿದ್ದು?

ಇಲ್ಲಿಯವರೆಗಿನದನ್ನು ನೀವು ಅಜಾಗರೂಕತೆ ಎನ್ನಬಹುದು. ಮುಂದಿನದಕ್ಕೆ ನನ್ನ ಬಳಿ ಬೇರೆ ಹೆಸರಿಲ್ಲ. ನನ್ನ ಬಾಯಿ ತಾನಾಗಿಯೇ ಹೇಳಿತು: "ಮಾಳಪ್ಪ ಬಾಜು ಚುಕ್ಯಾನ್ರಿ." ಬದಿ ತಪ್ಪಿದವನು ಮಾಳಪ್ಪ ಎಂದು.

ಅವತ್ತೇ ಮಾಳಪ್ಪನನ್ನು ಮಗ್ಗದಿಂದ ಬಿಡಿಸಿ ಮಡಿಕೆ ಹಾಕುವ ಕೆಲಸಕ್ಕೆ ಕಳಿಸಿದರು. ನಲವತ್ತು ವರ್ಷ ನೇಯ್ದವನು ಗೋದಾಮಿನಲ್ಲಿ ಕೂತು, ನಿನ್ನೆ ಮೊನ್ನೆ ಬಂದವರು ನೇಯ್ದ ಚಾದರಗಳನ್ನು ಮಡಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಕಾಯಿತು. ಅವನು ಬಂದು ನನ್ನ ಕೊರಳಪಟ್ಟಿ ಹಿಡಿದಿದ್ದರೆ ಒಳ್ಳೆಯದಿತ್ತು. ಹಿಡಿಯಲಿಲ್ಲ. ಮಧ್ಯಾಹ್ನ ಊಟಕ್ಕೆ ಎಂದಿನಂತೆ ನನ್ನ ಪಕ್ಕದಲ್ಲೇ ಬಂದು ಕೂತ. ಗಂಟು ಬಿಚ್ಚಿ ಅರ್ಧ ರೊಟ್ಟಿ ಮುರಿದು ನನ್ನ ಕಡೆ ಸರಿಸಿದ. ಖಾರ ಬ್ಯಾಳಿ ಹಾಕಿದ. ಮಳೆಯ ಮಾತು, ಕುರನೂರಿನ ಯಾರದೋ ಮದುವೆಯ ಮಾತು ಆಡಿದ. ಬಸ್ಸಿನ ಫೋನಿನ ಮಾತು ಮಾತ್ರ ಆಡಲಿಲ್ಲ.

ಹೇಳಬೇಕು ಎಂದು ದಿನಾ ಹೊರಡುತ್ತಿದ್ದೆ. ಮಾಲಕರ ಕೋಣೆಯ ಬಾಗಿಲವರೆಗೆ ಹೋಗಿ, ಒಳಗೆ ಯಾರೋ ಇದ್ದಾರೆ ಎಂದು ಮರಳುತ್ತಿದ್ದೆ. ಯಾರೂ ಇಲ್ಲದ ದಿನ ಅವರು ಸಿಟ್ಟಿನಲ್ಲಿದ್ದಾರೆ ಎನಿಸುತ್ತಿತ್ತು. ಸಿಟ್ಟಿಲ್ಲದ ದಿನ, ಇಷ್ಟು ಒಳ್ಳೆಯ ಮನಸ್ಸಿನಲ್ಲಿರುವವರನ್ನು ಯಾಕೆ ಕೆದಕಬೇಕು ಎನಿಸುತ್ತಿತ್ತು. ನವಿ ಪೇಠದ ನನ್ನ ನಡಿಗೆ ಶುರುವಾದದ್ದು ಆಗಲೇ. ಮಾದರಿ ತುಂಡನ್ನು ಕಣ್ಣಿಂದ ಮರೆ ಮಾಡೋಣವೆಂದು ಮನೆಗೆ ತಂದು ಕಪಾಟಿನೊಳಗೆ ತುರುಕಿದ್ದೆ. ಅಚ್ಚುಕಟ್ಟಾದ ಹೆಂಡತಿ ಇದ್ದ ಮನೆಯಲ್ಲಿ ಏನನ್ನೂ ಅಡಗಿಸಲಾಗುವುದಿಲ್ಲ. ಎರಡೇ ದಿನಕ್ಕೆ ಅದು ಮಿಕ್ಸರಿನ ಮೇಲೆ ಏರಿತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸಾರಮ್ಮ ಟೀಚರ್ ನಮ್ಮ ಮನೆಗೇ ಬಂದರು. ಬೈಯಲು ಬಂದಿದ್ದಾರೆ ಎಂದು ತಲೆ ತಗ್ಗಿಸಿ ನಿಂತೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಕಸ್ತೂರಿ ಕೊಟ್ಟ ಚಹಾ ಹಿಡಿದು ಹೇಳತೊಡಗಿದರು.

"ಚಾದರ ಬಿಚ್ಚಿದ ಕೂಡಲೇ ಎಲ್ಲಾರೂ ಗಪ್ಪಾದ್ರು. ನಂದು ಜೀವಾನಽ ಹೋಗಿತ್ತು ನೋಡ್ರಿ. ಮಾಷ್ ಹತ್ತಿರ ಹೋಗಿ ಭಾಳ ಹೊತ್ತು ನೋಡಿದ್ರು. ಆಮ್ಯಾಲ ನಗಾಕ ಹತ್ತಿದ್ರು. ಅಸ್ತರಿ ಬಿಚ್ಚಿ ಹೊಳ್ಳಿಸ್ತೀವಿ ಅಂದ್ರ, ಬ್ಯಾಡ ಅಂದ್ರು. ಮನ್ಯಾಗಿನ ದೊಡ್ಡ ಕನ್ನಡಿ ತರಿಸಿ ಎದುರಿನ ಗ್ವಾಡಿಗಿ ಹಾಕಿಸ್ಯಾರ. ಈಗ ಚಾದರಕ್ಕ ಬೆನ್ನ ಮಾಡಿ ಕುಂತು, ಕನ್ನಡ್ಯಾಗ ಓದತಾರ. ದಿನಾ ಒಂದೊಂದ ಸಾಲು."

ಅವರು ಓದಿದರಲ್ಲ ಎಂಬ ಸಮಾಧಾನ ಒಂದು ಕಡೆ. ಅಷ್ಟು ವಯಸ್ಸಾದವರನ್ನು ನಾನು ಬೆನ್ನು ತಿರುಗಿಸಿ ಕೂರಿಸಿದೆನಲ್ಲ ಎಂಬುದು ಇನ್ನೊಂದು ಕಡೆ.

"ಈಗ ಅವರದೊಂದ ಕೆಲಸ ಅದರಿ," ಎನ್ನುತ್ತ ಟೀಚರ್ ಚೀಲದಿಂದ ಅಂಗೈ ಅಗಲದ ಬಿಳಿ ಬಟ್ಟೆಯ ಪಟ್ಟಿಯೊಂದನ್ನು ತೆಗೆದರು. "ಆ ಪುಸ್ತಕದ ಮ್ಯಾಲ ಪಾದ್ರಿ ಹೆಸರು ಅದ. ಎದುರಿಗಿ ಕುಂತು ಒಂದೊಂದ ಮಾತು ಹೇಳಿಕೊಟ್ಟವ್ರ ಹೆಸರು ಎಲ್ಲೂ ಇಲ್ಲ. ಮಾಷ್ ಅದನ್ನ ಹುಡುಕೂದ್ರಾಗಽ ಮುದುಕರಾದ್ರು. ಸಿಗಲಿಲ್ಲ. ಆ ಪಾನದಾಗ ಒಂದ ತಪ್ಪು ಅದ. ಅಂಥಾ ಮಾತು ಹೊಳಿ ಆಚಿ ದೋಣಿಯವ್ರು ಅಷ್ಟಽ ಆಡತಿದ್ರಂತ. ಅದರ ಮ್ಯಾಲಿಂದ, ಹೇಳಿಕೊಟ್ಟಾಂವ ದೋಣಿಯವ ಇರಬೇಕು ಅಂತಾರ. ತಪ್ಪು ಒಂದಽ ಅವನ ಗುರುತು ಅಂತಾರ. ಅದಕ್ಕ ಈ ಚಾದರ ಹಿಂಗ ಮಾಡಿದವ್ರ ಹೆಸರು ತಗೊಂಡ ಬಾ, ಕೆಳಗ ಹೊಲಸ್ತೀನಿ ಅಂದ್ರು. ಸಿಟ್ಟಲಿಂದ ಅಲ್ಲರಿ. ಭಾಳ ಪ್ರೀತಿಲಿಂದ ಅಂದಾರ. ಮಾಲಕರಿಗಿ ಕೇಳಿದ್ನಿ, ಮಾಳಪ್ಪ ಅಂತ ಹೇಳಿದ್ರು. ನನಗ ಕನ್ನಡ ಬರ್ಯಾಕ ಬರಾಂಗಿಲ್ಲ. ನಿಮ್ಮ ಕೈಲಿಂದ ಚಂದಾಗಿ ಬರದ ಕೊಡ್ರಿ, ಮಾಳಪ್ಪ ಅಂತ."

ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ನನ್ನ ಕೈಗೆ ದಪ್ಪ ಪೆನ್ನು ಕೊಟ್ಟರು.

ನನ್ನ ಪರಿಸ್ಥಿತಿ ನೋಡಿ. ತಪ್ಪು ತಪ್ಪಾಗಿದ್ದಾಗ ಅದನ್ನು ಮಾಳಪ್ಪನ ತಲೆಗೆ ಕಟ್ಟಿದೆ. ಈಗ ಅದೇ ತಪ್ಪು ಮಾನ ಆಗಿ ಬಂದಿದೆ. ಈಗ ಬಾಯಿ ಬಿಟ್ಟರೆ, ಬೈಗುಳ ಇದ್ದಾಗ ಸುಮ್ಮನಿದ್ದವನು ಹಾರ ಬಂದಾಗ ಕೊರಳು ಒಡ್ಡಿದ ಎನ್ನುತ್ತಾರೆ. ಬಿಡದಿದ್ದರೆ, ನನ್ನ ಸುಳ್ಳು ನನ್ನದೇ ಅಕ್ಷರದಲ್ಲಿ ಆ ಗೋಡೆಯ ಮೇಲೆ ನಿಲ್ಲುತ್ತದೆ. ಆಯುಷ್ಯವೆಲ್ಲ ಒಂದು ನಿಜವಾದ ಹೆಸರಿಗಾಗಿ ಹುಡುಕಿದ ಮನುಷ್ಯನಿಗೆ ನಾನು ಸುಳ್ಳು ಹೆಸರು ಬರೆದು ಕಳಿಸುತ್ತೇನೆ. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಎದ್ದು ಗ್ಯಾಲರಿಗೆ ಹೋದೆ. ಅಲ್ಲಿಂದ ಬಾಗಿಲಿಗೆ ಬಂದೆ.

"ಒಂದ ಹೆಸರು ಬರ್ಯಾಕ ಎಷ್ಟ ತಿರಗತೀರಿ?" ಎಂದಳು ಕಸ್ತೂರಿ.

"ಮಾಳಪ್ಪ ಮಾಡಿಲ್ಲ," ಎಂದೆ ಬಾಗಿಲಲ್ಲಿ ನಿಂತುಕೊಂಡೇ. "ಅಂವ ಫೋನ್ ಮಾಡಿ ಕೇಳಿದ್ದ. ಬಂದು ನೋಡು ಅಂದಿದ್ದ. ನಾ ಬಸ್ಸಿನ್ಯಾಗ ನಿಂತು ಮೆರೂನ್ ಬಾಜು ಅಂದ್ನಿ. ಮಾಲಕರು ಕೇಳಿದಾಗ ಅವನ ಹೆಸರು ಹೇಳಿದ್ನಿ."

ಟೀಚರ್ ನನ್ನನ್ನು ನೋಡಿದರು. ಅವರು ಕೇಳಿದ್ದು ಮಾಳಪ್ಪನ ವಿಷಯವನ್ನಲ್ಲ.

"ಹಂಗಂದ್ರ, ಆವತ್ತ ನೀವು ನೋಡೇ ಇರಲಿಲ್ಲಾ?"

ಇಲ್ಲ ಎಂದು ತಲೆ ಆಡಿಸಿದೆ. ಸಾಲಿಯಲ್ಲಿ ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದ ಹೆಣ್ಣುಮಗಳು. ಆದರೂ ಅವರ ಮುಖ ಸಣ್ಣದಾಯಿತು. ಮಾಷ್ ಬೆನ್ನು ತಿರುಗಿಸಿ ಕೂತದ್ದನ್ನು ನಗುತ್ತ ಹೇಳಿದ್ದ ಅವರು, 'ನಾನಽ ನಿಂತು ನೋಡೀನ್ರಿ' ಎಂದ ನನ್ನ ಆ ಒಂದು ಮಾತಿಗೆ ನಗಲಾರದೆ ಹೋದರು. ನನಗೆ ನಾಚಿಕೆಯಾಯಿತು. ನಾಚಿಕೆ ಎಂದರೆ ಏನೆಂದು ಅರವತ್ತರ ಹತ್ತಿರದ ವಯಸ್ಸಿನಲ್ಲಿ ಹೊಸದಾಗಿ ಗೊತ್ತಾಯಿತು.

ಟೀಚರ್ ಪಟ್ಟಿಯನ್ನು ಮಡಿಸಿ ಮೇಜಿನ ಮೇಲೆಯೇ ಇಟ್ಟರು.

"ಇಬ್ಬರದೂ ಹೆಸರು ಬರೀರಿ. ನೇದವ್ರದು ಒಂದು, ನೋಡದೇ ಹೇಳಿದವ್ರದು ಒಂದು. ಮಾಷ್‌ಗ ನಾ ಇದ್ದದ್ದ ಇದ್ದಂಗ ತಿಳಿಸಿ ಹೇಳತೀನಿ. ಆದ್ರ ಇವತ್ತ ಬರೀಬ್ಯಾಡ್ರಿ. ಮದಲ ಕಾರಖಾನಿಗಿ ಹೋಗಿ ಹೇಳಿ ಬರ್ರಿ."

ಕಸ್ತೂರಿ ನನ್ನ ಚಪ್ಪಲಿಗಳನ್ನು ಬಾಗಿಲ ಮುಂದೆ ತಂದಿಟ್ಟಳು. ಮೂವತ್ತೈದು ವರ್ಷದಲ್ಲಿ ಅವಳು ನನ್ನನ್ನು ಹೊರಗೆ ಹೊರಡಿಸಿದ್ದು ಅದೊಂದೇ ಸಲ.

ಆಟೋದಲ್ಲಿ ಕೂತು ಎಂಐಡಿಸಿ ಮುಟ್ಟುವವರೆಗೆ ಹೇಳಬೇಕಾದದ್ದನ್ನು ನಾಲ್ಕು ಥರ ಜೋಡಿಸಿಕೊಂಡೆ. ಮಾಲಕರ ಕೋಣೆಯಲ್ಲಿ ಆವತ್ತೂ ಇಬ್ಬರು ಗಿರಾಕಿಗಳಿದ್ದರು. ಹಿಂದೆ ಸರಿಯಲು ಕಾಲು ತಯಾರಿದ್ದವು. ಬಾಗಿಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಗಿರಾಕಿಗಳ ಮುಂದೆಯೇ ಹೇಳಿದೆ. ಜೋಡಿಸಿಕೊಂಡದ್ದು ಒಂದೂ ನೆನಪಿಗೆ ಬರಲಿಲ್ಲ. ನಾಲ್ಕೇ ಮಾತಿನಲ್ಲಿ ಮುಗಿಯಿತು. ಮಾಲಕರು ಬೈಯಲಿಲ್ಲ. ಗೋದಾಮಿಗೆ ಫೋನ್ ಹಚ್ಚಿ ಮಾಳಪ್ಪನನ್ನು ಕರೆಸಿದರು.

ಅವನು ಬಂದ. ಅಂಗಿಯ ತುಂಬ ಹತ್ತಿಯ ಎಳೆ. ಮಾಲಕರಿಗೆ ನಮಸ್ಕಾರ ಮಾಡಿ, ನನ್ನ ಕಡೆ ಒಮ್ಮೆ ನೋಡಿ, ಬಾಗಿಲ ಬಳಿ ನಿಂತ. ಮಾಲಕರು ತಮ್ಮ ಹರಕು ಕನ್ನಡದಲ್ಲಿ ಕೇಳಿದರು: "ಮಾಳಪ್ಪ, ನಿಂದು ತಪ್ಪು ಇಲ್ಲಾ ಅಂತ ಇವರು ಹೇಳತಾರ. ಎರಡು ತಿಂಗಳು ನೀ ಯಾಕ ಬಾಯಿ ಬಿಡಲಿಲ್ಲ?"

ಮಾಳಪ್ಪ ಅಂಗಿಯ ಮೇಲಿನ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತ ನಿಂತಿದ್ದ. ಕೊನೆಗೆ ತಲೆಯೆತ್ತದೆ ಹೇಳಿದ:

"ಅಂವಾ ಹೇಳತಾನ ಅಂತ ಕಾಯಾಕತ್ತಿದ್ನಿರಿ."

ಅಷ್ಟು ಹೇಳಿ, ಮಾಲಕರ ಅಪ್ಪಣೆಗೂ ಕಾಯದೆ, ಗೋದಾಮಿನ ದಾರಿ ಬಿಟ್ಟು ನೆಟ್ಟಗೆ ತನ್ನ ಮಗ್ಗದ ಕಡೆ ನಡೆದ.